ಡೌನ್ ಬೈ ದ ಜೆಟ್ಟಿ: ಯಾವ ಆವೃತ್ತಿ ಕೊಳ್ಳೋದು?

ಇಂಗ್ಲೆಂಡಿನ ರಾಕ್ ಬ್ಯಾಂಡ್ ಡಾಕ್ಟರ್ ಫೀಲ್‌ಗುಡ್‌ನ ಮೊದಲ ಆಲ್ಬಂ 'ಡೌನ್ ಬೈ ದ ಜೆಟ್ಟಿ' ಬಂದಿದ್ದು 1975ರ ಜನವರಿಯಲ್ಲಿ. ಇವತ್ತು ಅದನ್ನು ಕೊಳ್ಳಲು ಹೊರಟರೆ ತಲೆ ಕೆಡುತ್ತದೆ. ಹೆಸರು ಒಂದೇ, ಮುಖಪುಟದ ಕಪ್ಪು ಬಿಳುಪು ಫೋಟೋ ಒಂದೇ, ಆದರೆ ಒಳಗಿರುವುದು ಬೇರೆ ಬೇರೆ. ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಯ ಹಳೆಯ ಎಲ್‌ಪಿ ಇದೆ. ಗ್ರ್ಯಾಂಡ್ ರೆಕಾರ್ಡ್ಸ್ ಲೇಬಲ್ಲಿನ ಒಂಟಿ ಸಿಡಿ ಇದೆ. 2006ರಲ್ಲಿ ಬಂದ ಎರಡು ಸಿಡಿಗಳ ಕಲೆಕ್ಟರ್ಸ್ ಎಡಿಷನ್ ಇದೆ. 2012ರ ಬಾಕ್ಸ್ ಸೆಟ್ ಇದೆ. ಫೋನಿನಲ್ಲಿ ಸ್ಟ್ರೀಮಿಂಗ್ ಅಂತೂ ಇದ್ದೇ ಇದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಆಲ್ಬಂ ಅನ್ನು ಮೊದಲ ಸಲ ಕೇಳುವಾಗ ಮೋನೋದಲ್ಲೇ ಕೇಳಿ. ಮೋನೋ ಅಂದರೆ ಎಡ ಬಲ ಎರಡೂ ಕಡೆ ಒಂದೇ ಸದ್ದು ಬರುವುದು, ಸ್ಟೀರಿಯೋ ಅಂದರೆ ಎಡಕ್ಕೊಂದು ಬಲಕ್ಕೊಂದು ಬೇರೆ ಸದ್ದು ಬರುವುದು. ಯಾವ ಆವೃತ್ತಿ ತೆಗೆದುಕೊಂಡರೂ ಸರಿ, ಅದರಲ್ಲಿ ಮೋನೋ ಚೆನ್ನಾಗಿ ಉಳಿದಿದೆಯಾ ಅಂತ ನೋಡಿ. ಮಿಕ್ಕಿದ್ದೆಲ್ಲ ಆಮೇಲೆ.

ಮೋನೋಗೆ ಯಾಕಿಷ್ಟು ಒತ್ತು ಕೊಡುತ್ತೇನೆ ಅಂತ ಗೊತ್ತಾಗಬೇಕಾದರೆ ಈ ಬ್ಯಾಂಡಿನ ನಾಲ್ಕು ಜನ ಯಾರು, ಎಲ್ಲಿಂದ ಬಂದರು ಅಂತ ಸ್ವಲ್ಪ ತಿಳಿದಿರಬೇಕು.

ತೈಲದ ಟ್ಯಾಂಕುಗಳ ಊರು

ಥೇಮ್ಸ್ ನದಿ ಸಮುದ್ರ ಸೇರುವ ಕಡೆ, ಎಸೆಕ್ಸ್ ಜಿಲ್ಲೆಯಲ್ಲಿ ಕ್ಯಾನ್ವಿ ದ್ವೀಪ ಇದೆ. ಚಪ್ಪಟೆ ನೆಲ, ಸುತ್ತಲೂ ಕಡಲಗೋಡೆ. 1953ರ ಜನವರಿ 31ರ ರಾತ್ರಿ ಉಕ್ಕಿದ ಉತ್ತರ ಸಮುದ್ರದ ಪ್ರವಾಹ ಈ ಊರಿನ ಐವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕ್ಯಾನ್ವಿಯಲ್ಲಿ ತೈಲದ ಟ್ಯಾಂಕುಗಳು, ಅಕ್ಕಪಕ್ಕದಲ್ಲಿ ಉರಿಯುವ ಚಿಮಣಿಗಳ ರಿಫೈನರಿಗಳು. ಬ್ಯಾಂಡಿನ ಗಿಟಾರಿಸ್ಟ್ ವಿಲ್ಕೊ ಜಾನ್ಸನ್ ಬೆಳೆದದ್ದು ಇದೇ ನೋಟ ನೋಡುತ್ತಾ. 'ಆಲ್ ಥ್ರೂ ದ ಸಿಟಿ' ಹಾಡಿನಲ್ಲಿ ಆ ಉರಿಯುವ ಗೋಪುರಗಳು ಹಾಗೇ ಬರುತ್ತವೆ.

ವಿಲ್ಕೊ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು. ಓದು ಮುಗಿಸಿ ನೆಲದ ದಾರಿಯಲ್ಲೇ ಇಂಡಿಯಾಗೆ ಬಂದು ಹೋದರು. ವಾಪಸ್ ಹೋಗಿ ಸ್ವಲ್ಪ ದಿನ ಮೇಷ್ಟ್ರಾಗಿದ್ದರು. 1971ರಲ್ಲಿ ಹಾಡುಗಾರ ಲೀ ಬ್ರಿಲೋ, ಬೇಸ್ ನುಡಿಸುವ ಜಾನ್ ಬಿ. ಸ್ಪಾರ್ಕ್ಸ್, 'ದ ಬಿಗ್ ಫಿಗರ್' ಅಂತ ಎಲ್ಲರೂ ಕರೆಯುತ್ತಿದ್ದ ಡ್ರಮ್ಮರ್ ಜಾನ್ ಮಾರ್ಟಿನ್ ಜೊತೆ ಸೇರಿ ಡಾಕ್ಟರ್ ಫೀಲ್‌ಗುಡ್ ಕಟ್ಟಿದರು.

ಆಗಿನ ಬ್ರಿಟನ್ನಿನಲ್ಲಿ ರಾಕ್ ಸಂಗೀತ ದೊಡ್ಡ ದೊಡ್ಡ ಸಭಾಂಗಣಗಳಿಗೆ ಹೋಗಿಬಿಟ್ಟಿತ್ತು. ಇಪ್ಪತ್ತು ನಿಮಿಷದ ಹಾಡುಗಳು, ಲಾರಿಗಟ್ಟಲೆ ಸಾಮಾನು. ಅದಕ್ಕೆ ಉತ್ತರವಾಗಿ ಲಂಡನ್ನಿನ ಪಬ್ಬುಗಳಲ್ಲಿ ಬೇರೆ ಥರದ ಸಂಗೀತ ಶುರುವಾಯಿತು. ಕೆಂಟಿಶ್ ಟೌನಿನ ಟ್ಯಾಲಿ ಹೋ, ಇಸ್ಲಿಂಗ್ಟನ್ನಿನ ಹೋಪ್ ಅಂಡ್ ಆಂಕರ್ ಇದರ ಹೆಸರುವಾಸಿ ಜಾಗಗಳು. ಬ್ರಿನ್ಸ್ಲಿ ಶ್ವಾರ್ಜ್, ಡಕ್ಸ್ ಡೀಲಕ್ಸ್, ಇಯಾನ್ ಡ್ಯೂರಿಯ ಕಿಲ್ಬರ್ನ್ ಅಂಡ್ ದ ಹೈ ರೋಡ್ಸ್ ಎಲ್ಲ ಇಲ್ಲಿಂದಲೇ ಬಂದವರು. ಇದಕ್ಕೇ ಪಬ್ ರಾಕ್ ಅಂತ ಹೆಸರಾಯಿತು. ಕೇಳುವವರು ನಾಲ್ಕು ಅಡಿ ದೂರದಲ್ಲಿ ನಿಂತಿರುತ್ತಾರೆ. ಅಲ್ಲಿ ಏನನ್ನೂ ಮುಚ್ಚಿಡಲು ಆಗಲ್ಲ.

ಆ ಗುಂಪಿನಲ್ಲೇ ಅತಿ ಒರಟು, ಅತಿ ಬಿಗಿ ಬ್ಯಾಂಡ್ ಅಂದರೆ ಫೀಲ್‌ಗುಡ್. ವಿಲ್ಕೊ ಪ್ಲೆಕ್ಟ್ರಮ್, ಅಂದರೆ ತಂತಿ ಮೀಟುವ ಬಿಲ್ಲೆ, ಹಿಡಿಯುತ್ತಿರಲಿಲ್ಲ. ಬರಿಗೈಯಲ್ಲೇ ಟೆಲಿಕಾಸ್ಟರ್ ಗಿಟಾರಿನ ತಂತಿಗಳಿಗೆ ಹೊಡೆಯುತ್ತಿದ್ದರು. ತಾಳವೂ ಅವರದೇ, ನಡುವೆ ಚುಚ್ಚುವ ಸ್ವರಗಳೂ ಅವರದೇ. ಜಾನಿ ಕಿಡ್ ಅಂಡ್ ದ ಪೈರೇಟ್ಸ್ ಬ್ಯಾಂಡಿನ ಮಿಕ್ ಗ್ರೀನ್ ಅವರಿಂದ ಕಲಿತ ವಿದ್ಯೆ ಇದು. ಈ ಆಲ್ಬಂನ 'ಓಯೇ!' ಅನ್ನುವ ವಾದ್ಯದ ತುಣುಕು ಆ ಮಿಕ್ ಗ್ರೀನ್ ಅವರದ್ದೇ.

1975ರಲ್ಲಿ ಮೋನೋ ಯಾಕೆ?

ಬ್ರಿಟಿಷ್ ಕಂಪನಿಗಳು 1960ರ ದಶಕದ ಕೊನೆಗೇ ಮೋನೋ ಎಲ್‌ಪಿಗಳನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದವು. ಅಂಥದ್ದರಲ್ಲಿ 1975ರಲ್ಲಿ ಹೊಸ ಬ್ಯಾಂಡೊಂದು ಮೋನೋ ಆಲ್ಬಂ ತಂದಾಗ ಎಲ್ಲರಿಗೂ ಆಶ್ಚರ್ಯ. ಹಳೇ ಕಾಲದ ಹುಚ್ಚು ಅಂತ ಕೆಲವರು ಅಂದುಕೊಂಡರು. ನನಗೆ ಹಾಗೆ ಅನ್ನಿಸುವುದಿಲ್ಲ. ನಿರ್ಮಾಪಕ ವಿಕ್ ಮೇಲ್ ಈ ನಾಲ್ಕು ಜನರ ಸದ್ದನ್ನು ಇದ್ದ ಹಾಗೇ ಹಿಡಿಯಲು ನೋಡಿದರು. ಇದೇ ವಿಕ್ ಮೇಲ್ ಮುಂದೆ 1980ರಲ್ಲಿ ಮೋಟರ್‌ಹೆಡ್ ಬ್ಯಾಂಡಿನ 'ಏಸ್ ಆಫ್ ಸ್ಪೇಡ್ಸ್' ಮಾಡಿದವರು. ಗಟ್ಟಿ ಸದ್ದನ್ನು ಗಟ್ಟಿಯಾಗಿಯೇ ಉಳಿಸುವುದು ಅವರಿಗೆ ಗೊತ್ತಿತ್ತು.

ತಮಟೆಯವರ ಎದುರು ನಿಂತಾಗ ಎಡಗಡೆ ತಮಟೆ ಯಾವುದು, ಬಲಗಡೆಯದು ಯಾವುದು ಅಂತ ಯಾರಾದರೂ ನೋಡುತ್ತಾರಾ? ಎಲ್ಲ ಸೇರಿ ಎದೆಗೆ ಬಂದು ಬಡಿಯುತ್ತದೆ. ಮೋನೋದಲ್ಲಿ ಈ ಆಲ್ಬಂ ಕೆಲಸ ಮಾಡುವುದು ಹಾಗೆ. 'ಶೀ ಡಸ್ ಇಟ್ ರೈಟ್' ಶುರುವಾಗುವಾಗ ಗಿಟಾರ್, ಬೇಸ್, ಡ್ರಮ್ಸ್ ಒಂದೇ ಮುಷ್ಟಿಯಾಗಿ ಬರುತ್ತವೆ. ಆ ಮುಷ್ಟಿಯ ಬೆರಳು ಬಿಡಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಪ್ರತಿ ಬೆರಳೂ ಚೆನ್ನಾಗಿ ಕಾಣುತ್ತದೆ, ನಿಜ. ಹೊಡೆತ ಮಾತ್ರ ಕಮ್ಮಿಯಾಗುತ್ತದೆ.

ರೀಮಾಸ್ಟರ್ ಬೇರೆ, ರೀಮಿಕ್ಸ್ ಬೇರೆ

ಕವರಿನ ಮೇಲೆ ಈ ಪದಗಳನ್ನು ಕಂಡು ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಸ್ಟುಡಿಯೋದಲ್ಲಿ ಗಿಟಾರ್, ದನಿ, ಡ್ರಮ್ಸ್ ಎಲ್ಲ ಬೇರೆ ಬೇರೆ ಟ್ರ್ಯಾಕಿನಲ್ಲಿ ರೆಕಾರ್ಡ್ ಆಗಿರುತ್ತವೆ. ಅವನ್ನು ಬೆರೆಸಿ ಒಂದು ಹಾಡು ಮಾಡುವುದು ಮಿಕ್ಸಿಂಗ್. ಬೆರೆತು ಮುಗಿದ ಹಾಡನ್ನು ಎಲ್‌ಪಿಗೋ ಸಿಡಿಗೋ ಹೊಂದುವಂತೆ ಹದ ಮಾಡುವುದು ಮಾಸ್ಟರಿಂಗ್. ರೀಮಾಸ್ಟರ್ ಅಂದರೆ ಆ ಕೊನೆಯ ಹದವನ್ನು ಮಾತ್ರ ಮತ್ತೆ ಮಾಡುವುದು. ಅಡುಗೆ ಅದೇ, ಉಪ್ಪು ಖಾರ ಸ್ವಲ್ಪ ತಿದ್ದಿದ್ದಾರೆ ಅಷ್ಟೇ. ರೀಮಿಕ್ಸ್ ಅಂದರೆ ಅದೇ ಸಾಮಾನಿನಿಂದ ಮತ್ತೊಮ್ಮೆ ಅಡುಗೆ ಮಾಡಿದ ಹಾಗೆ. ಮೋನೋ ಆಲ್ಬಂಗೆ ನಿಜವಾದ ಸ್ಟೀರಿಯೋ ರೂಪ ಬೇಕಾದರೆ ಮಿಕ್ಸಿಂಗೇ ಬೇರೆ ಆಗಬೇಕು.

ರೀಮಾಸ್ಟರ್ ಮಾಡುವಾಗ ಎಲ್ಲಿ ಎಡವುತ್ತಾರೆ ಅನ್ನುವುದೂ ಮುಖ್ಯ. 1990ರ ದಶಕದಿಂದ ಸಿಡಿಗಳ ಸದ್ದನ್ನು ಜೋರು ಮಾಡುವ ಪೈಪೋಟಿ ಶುರುವಾಯಿತು. ಮೆಲ್ಲಗಿನ ಸದ್ದನ್ನು ಎತ್ತರಿಸಿ, ಜೋರಿನ ತುದಿಗಳನ್ನು ಒತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು. ಬೇರೆ ಸಂಗೀತ ಇದನ್ನು ಹೇಗೋ ತಡೆದುಕೊಳ್ಳಬಹುದು. ವಿಲ್ಕೊ ಗಿಟಾರ್ ತಡೆಯುವುದಿಲ್ಲ. ಅವರ ವಾದನದ ಜೀವ ಇರುವುದು ಹೊಡೆತ ಮತ್ತು ಹೊಡೆತದ ನಡುವಿನ ಮೌನದಲ್ಲಿ. ತಂತಿಗೆ ಹೊಡೆದ ತಕ್ಷಣ ಕೈಯಿಂದ ಮುಚ್ಚಿಬಿಡುತ್ತಾರೆ. ಕತ್ತರಿಸಿದ ಹಾಗೆ ಸದ್ದು ನಿಲ್ಲುತ್ತದೆ. ಎಲ್ಲ ಮಟ್ಟವನ್ನೂ ಸಮ ಮಾಡಿದರೆ ಆ ಮೌನ ತುಂಬಿಹೋಗುತ್ತದೆ, ಕತ್ತಿ ಮೊಂಡಾಗುತ್ತದೆ.

ಯಾವ ಆವೃತ್ತಿ ಸಿಕ್ಕರೂ ಪರೀಕ್ಷೆ ಮಾಡಲು 'ರಾಕ್ಸೆಟ್' ಹಾಡು ಇಟ್ಟುಕೊಳ್ಳಿ. ವಾಲ್ಯೂಮ್ ಸ್ವಲ್ಪ ಕಡಿಮೆ ಇಟ್ಟು ಕೇಳಿ. ಗಿಟಾರಿನ ಹೊಡೆತಗಳ ನಡುವೆ ಖಾಲಿ ಜಾಗ ಕೇಳಿಸುತ್ತಿದೆಯಾ? ಕೇಳಿಸಿದರೆ ಆ ರೀಮಾಸ್ಟರ್ ಒಳ್ಳೆಯದು. ಅಂದ ಹಾಗೆ, ತೊಂಬತ್ತರ ದಶಕದಲ್ಲಿ ನಾವೆಲ್ಲ ಕೇಳುತ್ತಿದ್ದ ಸ್ವೀಡನ್ನಿನ ರಾಕ್ಸೆಟ್ ಜೋಡಿ ತಮ್ಮ ಹೆಸರು ತೆಗೆದುಕೊಂಡಿದ್ದು ಇದೇ ಹಾಡಿನಿಂದ.

ಹಳೆಯ ಎಲ್‌ಪಿ

1975ರ ಯುನೈಟೆಡ್ ಆರ್ಟಿಸ್ಟ್ಸ್ ಪ್ರತಿ ಕೈಯಲ್ಲಿ ಹಿಡಿದರೆ ಬರುವ ಖುಷಿಯೇ ಬೇರೆ. ದೊಡ್ಡ ಕವರ್, ಗಾಳಿಗೆ ಮುಖ ಒಡ್ಡಿ ನಿಂತ ನಾಲ್ಕು ಜನ. ಬೇರೆ ಬ್ಯಾಂಡುಗಳು ಬಣ್ಣದ ಕನಸಿನ ಚಿತ್ರ ಹಾಕುತ್ತಿದ್ದ ಕಾಲ ಅದು. ಇವರು ಊರಿನ ಬೂದು ಬೆಳಕನ್ನೇ ಹಾಕಿದರು. ಸದ್ದು ಬೆಚ್ಚಗಿದೆ, ಬಿಗಿಯಾಗಿದೆ.

ಆದರೆ ಇದು ಎಲ್ಲರಿಗೂ ಅಲ್ಲ. ನಿಮ್ಮ ಹತ್ತಿರ ಒಳ್ಳೆಯ ಟರ್ನ್‌ಟೇಬಲ್ ಇದ್ದರೆ ಮಾತ್ರ ಈ ಕಡೆ ಬನ್ನಿ. ಇಂಥ ಆಲ್ಬಂಗಳನ್ನು ಜನ ಪಾರ್ಟಿಯಲ್ಲಿ ಹಾಕಿ ಕುಣಿದಿದ್ದಾರೆ. ಅಂಚು ಸವೆದಿರುತ್ತದೆ, ಮೊದಲ ಹಾಡಿನ ಮೇಲೆ ಗೀರು ಇರುತ್ತದೆ. ನಾನು ಒಮ್ಮೆ ಆನ್‌ಲೈನ್‌ನಲ್ಲಿ ಒಬ್ಬರಿಂದ 'ತುಂಬಾ ಚೆನ್ನಾಗಿದೆ' ಅಂತ ಬರೆದಿದ್ದ ಪ್ರತಿ ತರಿಸಿದೆ. ಪ್ಯಾಕಿಂಗ್ ತೆಳ್ಳಗಿತ್ತು. ದಾರಿಯಲ್ಲಿ ಬಿಸಿಲಿಗೆ ಬಾಗಿ ದೋಣಿಯ ಥರ ಆಗಿತ್ತು. ಎರಡನೇ ಬದಿಯ ಮೊದಲ ಹಾಡು 'ಟ್ವೆಂಟಿ ಯಾರ್ಡ್ಸ್ ಬಿಹೈಂಡ್' ಮೇಲೆ ಮುಳ್ಳು ನಿಲ್ಲುತ್ತಲೇ ಇರಲಿಲ್ಲ. ಅವತ್ತಿನಿಂದ ನಾಲ್ಕು ವಿಷಯ ಕೇಳದೆ ಕೊಳ್ಳುವುದಿಲ್ಲ. ಎರಡೂ ಬದಿಯ ಫೋಟೋ ಬೆಳಕಿಗೆ ಹಿಡಿದು ತೆಗೆದದ್ದು ಬೇಕು. ಸಪಾಟಾಗಿದೆಯಾ ಅಂತ ಪಕ್ಕದಿಂದ ತೆಗೆದ ಫೋಟೋ ಬೇಕು. ನಡುವಿನ ಲೇಬಲ್ ಸುತ್ತ ಕೆತ್ತಿರುವ ನಂಬರ್ ಬೇಕು. ಅದನ್ನು ರೆಕಾರ್ಡುಗಳ ವಿವರ ಇರುವ ಡಿಸ್ಕಾಗ್ಸ್ ವೆಬ್‌ಸೈಟಿನಲ್ಲಿ ಹೋಲಿಸಿದರೆ ಯಾವ ವರ್ಷ ಅಚ್ಚಾದ ಪ್ರತಿ ಅಂತ ಗೊತ್ತಾಗುತ್ತದೆ. ಕೊನೆಯದಾಗಿ, ಕಳಿಸುವಾಗ ರೆಕಾರ್ಡನ್ನು ಒಳ ಕವರಿನ ಸಮೇತ ಹೊರ ಕವರಿನಿಂದ ತೆಗೆದು, ಗಟ್ಟಿ ರಟ್ಟುಗಳ ನಡುವೆ ಇಡಲು ಹೇಳಿ. ಇಂಡಿಯಾಗೆ ತರಿಸುವವರು ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂಚೆ ಖರ್ಚೇ ಕೆಲವೊಮ್ಮೆ ಆಲ್ಬಂಗಿಂತ ಜಾಸ್ತಿ ಆಗುತ್ತದೆ.

ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಇದು ಸುಲಭ. ಚಾರಿಟಿ ಅಂಗಡಿಗಳಲ್ಲಿ, ರೆಕಾರ್ಡ್ ಸಂತೆಗಳಲ್ಲಿ ಕಣ್ಣಾರೆ ನೋಡಿ ಕೊಳ್ಳಬಹುದು.

ಪ್ಲೇ ಮಾಡುವಾಗ ಒಂದು ಮಾತು. ನಿಮ್ಮ ಆಂಪ್ಲಿಫೈಯರಿನಲ್ಲಿ ಮೋನೋ ಬಟನ್ ಇದ್ದರೆ ಒತ್ತಿ. ಮೋನೋ ರೆಕಾರ್ಡಿನ ಗೆರೆ ಮುಳ್ಳನ್ನು ಅಕ್ಕಪಕ್ಕ ಮಾತ್ರ ಅಲುಗಿಸುತ್ತದೆ. ಮೇಲೆ ಕೆಳಗಿನ ಅಲುಗಾಟ ಅಂದರೆ ಧೂಳು, ಸವಕಳಿ. ಬಟನ್ ಒತ್ತಿದರೆ ಆ ಸದ್ದು ಎರಡೂ ಕಡೆಯಿಂದ ಬಂದು ಒಂದನ್ನೊಂದು ಹೊಡೆದುಹಾಕುತ್ತದೆ. ಹಾಡು ಹಾಗೇ ಉಳಿಯುತ್ತದೆ, ಚಟಪಟ ಸದ್ದು ಎಷ್ಟೋ ಕಡಿಮೆಯಾಗುತ್ತದೆ.

ಒಂಟಿ ಸಿಡಿ

ಇದರ ಬಗ್ಗೆ ಹೇಳುವುದು ಕಮ್ಮಿ. ಹದಿಮೂರು ಹಾಡು, ನಲವತ್ತು ನಿಮಿಷದ ಆಸುಪಾಸು. ಸೆಕೆಂಡ್ ಹ್ಯಾಂಡ್ ಸಿಡಿ ಅಗ್ಗಕ್ಕೆ ಸಿಕ್ಕರೆ ಯೋಚನೆ ಮಾಡದೆ ತೆಗೆದುಕೊಳ್ಳಿ. ಆಲ್ಬಂ ಇಷ್ಟ ಆಗುತ್ತಾ ಇಲ್ವಾ ಅಂತ ನೋಡಲು ಇಷ್ಟು ಸಾಕು.

2006ರ ಎರಡು ಸಿಡಿ

ಹೋಲಿಕೆಯ ರುಚಿ ಇರುವುದೇ ಇಲ್ಲಿ. ಒಂದೇ ಪ್ಯಾಕಿನಲ್ಲಿ ಮೂಲ ಮೋನೋ ಇದೆ, ಸ್ಟೀರಿಯೋ ರೂಪವೂ ಇದೆ, ಜೊತೆಗೆ ಹೆಚ್ಚುವರಿ ಹಾಡುಗಳಿವೆ.

ಮೋನೋ ಮೊದಲು ಕೇಳಿ. ಒಂದು ವಾರ ಅದನ್ನೇ ಕೇಳಿ. ಆಮೇಲೆ ಸ್ಟೀರಿಯೋಗೆ ಹೋಗಿ. ಆಗ ಸ್ಟೀರಿಯೋದ ಲಾಭ ಗೊತ್ತಾಗುತ್ತದೆ. ಸ್ಪಾರ್ಕ್ಸ್ ಬೇಸ್ ಎಷ್ಟು ಹಿಡಿತದಲ್ಲಿ ನುಡಿಸುತ್ತಾರೆ, ಬಿಗ್ ಫಿಗರ್ ಎಷ್ಟು ಕಡಿಮೆ ಹೊಡೆತದಲ್ಲಿ ಎಷ್ಟು ಕೆಲಸ ಮಾಡುತ್ತಾರೆ ಅನ್ನುವುದನ್ನು ಬಿಡಿಸಿ ಕೇಳಬಹುದು. ಗಿಟಾರ್ ಕಲಿಯುತ್ತಿರುವವರಿಗೆ ಇದು ಪಾಠ ಇದ್ದ ಹಾಗೆ. ನಿಧಾನಗತಿಯ 'ದಟ್ ಏಂಟ್ ದ ವೇ ಟು ಬಿಹೇವ್' ಹಾಡಿಗೆ ಸ್ಟೀರಿಯೋ ನಿಜಕ್ಕೂ ಒಪ್ಪುತ್ತದೆ ಅಂತ ನನಗೆ ಅನ್ನಿಸಿದೆ. ಅಲ್ಲಿ ಉಸಿರಾಡಲು ಜಾಗ ಬೇಕು, ಸಿಗುತ್ತದೆ.

ವೇಗದ ಹಾಡುಗಳಲ್ಲಿ ಮಾತ್ರ ನಾನು ಮೋನೋಗೇ ವಾಪಸ್ ಬರುತ್ತೇನೆ. 'ಕೀಪ್ ಇಟ್ ಔಟ್ ಆಫ್ ಸೈಟ್' ಹಾಡನ್ನು ಎರಡೂ ರೂಪದಲ್ಲಿ ಬೆನ್ನು ಬೆನ್ನಿಗೆ ಕೇಳಿ ನೋಡಿ. ಸ್ಟೀರಿಯೋದಲ್ಲಿ ನೀವು ಬ್ಯಾಂಡನ್ನು ನೋಡುತ್ತೀರಿ. ಮೋನೋದಲ್ಲಿ ಬ್ಯಾಂಡ್ ನಿಮ್ಮ ಮೇಲೆ ಬರುತ್ತದೆ. ಲೀ ಬ್ರಿಲೋ ಅವರ ದನಿಯೂ ಹಾಗೇ. ಜಾನ್ ಲೀ ಹೂಕರ್ ಅವರ 'ಬೂಮ್ ಬೂಮ್' ಹಾಡುವಾಗ ಆ ಗಂಟಲು ಗಿಟಾರಿನ ಒಳಗಿಂದಲೇ ಎದ್ದು ಬಂದ ಹಾಗೆ ಇರಬೇಕು. ದನಿ ನಡುವೆ, ಗಿಟಾರ್ ಪಕ್ಕಕ್ಕೆ ಅಂತ ಆದರೆ ಆ ಗುದ್ದಾಟ ಸಡಿಲವಾಗುತ್ತದೆ.

ಒಂದೇ ಆವೃತ್ತಿ ಕೊಳ್ಳುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಎರಡೂ ರೂಪ ಕೈಯಲ್ಲಿರುತ್ತದೆ, ಕಿವಿಯೇ ತೀರ್ಮಾನ ಮಾಡಲಿ.

2012ರ ಬಾಕ್ಸ್ ಸೆಟ್

'ಆಲ್ ಥ್ರೂ ದ ಸಿಟಿ' ಅಂತ ಇದರ ಹೆಸರು. ಮೂರು ಸಿಡಿ, ಒಂದು ಡಿವಿಡಿ. ವಿಲ್ಕೊ ಇದ್ದ 1974ರಿಂದ 1977ರ ಕಾಲ ಪೂರ್ತಿ ಇದರಲ್ಲಿದೆ. 'ಡೌನ್ ಬೈ ದ ಜೆಟ್ಟಿ' ಜೊತೆ 1975ರ 'ಮಾಲ್‌ಪ್ರಾಕ್ಟಿಸ್', 1976ರ ಲೈವ್ ಆಲ್ಬಂ 'ಸ್ಟುಪಿಡಿಟಿ', 1977ರ 'ಸ್ನೀಕಿಂಗ್ ಸಸ್ಪಿಷನ್' ಕೂಡ ಸಿಗುತ್ತವೆ.

ಇದರಲ್ಲಿ 'ಸ್ಟುಪಿಡಿಟಿ' ಒಂದಕ್ಕೇ ಕಾಸು ಕೊಡಬಹುದು. ಶೆಫೀಲ್ಡ್ ಸಿಟಿ ಹಾಲ್ ಮತ್ತು ಸೌತೆಂಡ್ ಕುರ್ಸಾಲ್ ಕಾರ್ಯಕ್ರಮಗಳ ರೆಕಾರ್ಡಿಂಗ್ ಅದು. ಬ್ರಿಟಿಷ್ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಪಬ್ಬುಗಳಿಂದ ಬಂದ ಬ್ಯಾಂಡಿನ ಲೈವ್ ಆಲ್ಬಂ ಒಂದನೇ ನಂಬರ್! ಡಿವಿಡಿ ಇನ್ನೊಂದು ಕಾರಣ. ವಿಲ್ಕೊ ಕಣ್ಣು ಮಿಟುಕಿಸದೆ, ಹಳಿ ಮೇಲೆ ಓಡುವ ಗಾಡಿಯ ಹಾಗೆ ವೇದಿಕೆಯ ಮೇಲೆ ಹಿಂದೆ ಮುಂದೆ ಓಡುವುದನ್ನು ನೋಡಿದ ಮೇಲೆ ಆಲ್ಬಂ ಬೇರೆಯೇ ಥರ ಕೇಳಿಸುತ್ತದೆ. ದ ಕ್ಲಾಶ್‌ನ ಜೋ ಸ್ಟ್ರಮರ್, ದ ಜ್ಯಾಮ್‌ನ ಪಾಲ್ ವೆಲ್ಲರ್ ಅಂಥವರ ಮೇಲೆ ಈ ಬ್ಯಾಂಡ್ ಯಾಕೆ ಅಷ್ಟು ಪ್ರಭಾವ ಬೀರಿತು ಅನ್ನುವುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹಾಗಾದರೆ ಎಲ್ಲರೂ ಬಾಕ್ಸ್ ಸೆಟ್ಟನ್ನೇ ಕೊಳ್ಳಬಹುದಲ್ವಾ? ನನ್ನ ಅನುಭವದಲ್ಲಿ ಬೇಡ. ನಾಲ್ಕು ಆಲ್ಬಂ ಒಟ್ಟಿಗೆ ಬಂದರೆ ಮೊದಲನೆಯದರ ಮೇಲೆ ಗಮನ ನಿಲ್ಲುವುದಿಲ್ಲ. 'ಡೌನ್ ಬೈ ದ ಜೆಟ್ಟಿ'ಗೆ ಒಂದು ಕೊನೆ ಇದೆ. 'ಬೋನಿ ಮೊರೋನಿ' ಮತ್ತು 'ಟಕೀಲಾ' ಸೇರಿಸಿದ ಲೈವ್ ತುಣುಕು, ಬ್ರಿನ್ಸ್ಲಿ ಶ್ವಾರ್ಜ್ ಬ್ಯಾಂಡಿನವರು ಸ್ಯಾಕ್ಸೋಫೋನ್ ಊದಿದ್ದಾರೆ. ಹನ್ನೆರಡು ಹಾಡು ಸ್ಟುಡಿಯೋದಲ್ಲಿ ಕೂಡಿಟ್ಟ ಬಿಗುವೆಲ್ಲ ಅಲ್ಲಿ ಜನರ ನಡುವೆ ಒಡೆದು ಹರಿಯುತ್ತದೆ. ಅದಾದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂರಬೇಕು. ಮೊದಲ ಆಲ್ಬಂ ಮನಸ್ಸಿಗೆ ಇಳಿದ ಮೇಲೆ ಬಾಕ್ಸ್ ಸೆಟ್ ತರಿಸಿ. ಆಗ ಅದು ಹಬ್ಬ.

ಹೆಸರು ನೋಡಿ ಮೋಸ ಹೋಗಬೇಡಿ

ವಿಲ್ಕೊ 1977ರಲ್ಲೇ ಬ್ಯಾಂಡ್ ಬಿಟ್ಟರು. ಅವರ ಜಾಗಕ್ಕೆ ಜಿಪಿ ಮೇಯೊ ಬಂದರು. 1979ರ ಹಿಟ್ ಹಾಡು 'ಮಿಲ್ಕ್ ಅಂಡ್ ಆಲ್ಕೋಹಾಲ್' ಆ ಕಾಲದ್ದು, ಅದು ಈ ಆಲ್ಬಂನಲ್ಲಿ ಇಲ್ಲ. ಲೀ ಬ್ರಿಲೋ 1994ರಲ್ಲಿ, ಬರೀ 41ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಾದ ಮೇಲೂ ಅದೇ ಹೆಸರಿನಲ್ಲಿ ಬ್ಯಾಂಡ್ ನಡೆದಿದೆ. ಹಾಗಾಗಿ ಡಾಕ್ಟರ್ ಫೀಲ್‌ಗುಡ್ ಹೆಸರಿನ ಸಂಗ್ರಹಗಳು ತುಂಬಾ ಇವೆ. ಅವು ಕೆಟ್ಟವು ಅಂತ ಹೇಳುತ್ತಿಲ್ಲ. ಆದರೆ ಈ ಆಲ್ಬಂನ ಸದ್ದು ಬೇಕಾದರೆ ಸಂಗ್ರಹಕ್ಕೆ ಕೈ ಹಾಕಬೇಡಿ.

ವಿಲ್ಕೊಗೆ ಕ್ಯಾನ್ಸರ್ ಆಗಿದೆ, ಉಳಿಯುವುದಿಲ್ಲ ಅಂತ ವೈದ್ಯರು ಹೇಳಿದ್ದರು. ಆ ಸ್ಥಿತಿಯಲ್ಲೇ ದ ಹೂ ಬ್ಯಾಂಡಿನ ರೋಜರ್ ಡಾಲ್ಟ್ರಿ ಜೊತೆ 2014ರಲ್ಲಿ 'ಗೋಯಿಂಗ್ ಬ್ಯಾಕ್ ಹೋಮ್' ಆಲ್ಬಂ ತಂದರು. ದ ಹೂ ಬ್ಯಾಂಡಿನ ರೋಜರ್ ಡಾಲ್ಟ್ರಿ ಜೊತೆ 2014ರಲ್ಲಿ 'ಗೋಯಿಂಗ್ ಬ್ಯಾಕ್ ಹೋಮ್' ಆಲ್ಬಂ ತಂದರು. 2022ರ ನವೆಂಬರಿನಲ್ಲಿ ತೀರಿಕೊಂಡರು. ಅವತ್ತು ರಾತ್ರಿ ನಾನು ಮೋನೋ ಸಿಡಿ ಹಾಕಿ ಮೊದಲಿಂದ ಕೊನೆವರೆಗೂ ಕೇಳಿದೆ.

ಫೋನಿನಲ್ಲೇ ಕೇಳುವವರಿಗೆ

ಏನೂ ತಪ್ಪಿಲ್ಲ. ಆದರೆ ಎರಡು ವಿಷಯ ನೋಡಿಕೊಳ್ಳಿ. ಹದಿಮೂರು ಹಾಡಿನ ಪಟ್ಟಿ ಹುಡುಕಿ. ಹೆಚ್ಚುವರಿ ಹಾಡು ಸೇರಿಸಿದ ಪಟ್ಟಿಯಾದರೆ 'ಟಕೀಲಾ' ಮುಗಿದ ತಕ್ಷಣ ನಿಲ್ಲಿಸಿ. ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಹಾಡಿನ ಸದ್ದನ್ನು ಸಮ ಮಾಡುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ, ಕ್ವಾಲಿಟಿ ಮೇಲಕ್ಕೆ ಏರಿಸಿ.

ನಿಮಗೆ ಸಿಕ್ಕಿರುವುದು ಮೋನೋನಾ ಸ್ಟೀರಿಯೋನಾ ಅಂತ ತಿಳಿಯಲು ಇಯರ್‌ಫೋನಿನ ಒಂದು ಬದಿ ಕಿವಿಗೆ ಇಟ್ಟುಕೊಳ್ಳಿ, ಆಮೇಲೆ ಇನ್ನೊಂದು ಬದಿ. ಎರಡರಲ್ಲೂ ಒಂದೇ ಥರ ಕೇಳಿಸಿದರೆ ಮೋನೋ. ಕಂಪ್ಯೂಟರಿನಲ್ಲಿ ಸಿಡಿಯ ಫೈಲ್ ಇದ್ದರೆ ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಎರಡು ಚಾನೆಲ್ ಬೇರೆ ಮಾಡಿ, ಒಂದನ್ನು ತಲೆಕೆಳಗು ಮಾಡಿ ಸೇರಿಸಿ. ಪಕ್ಕಾ ಮೋನೋ ಆದರೆ ಸದ್ದೇ ಇರುವುದಿಲ್ಲ.

ಇನ್ನೊಂದು ಅನುಕೂಲ ಇದೆ. ಬಸ್ಸಿನಲ್ಲಿ ಪಕ್ಕ ಕೂತ ಗೆಳೆಯನಿಗೆ ಇಯರ್‌ಫೋನಿನ ಒಂದು ತುದಿ ಕೊಟ್ಟು 'ಶೀ ಡಸ್ ಇಟ್ ರೈಟ್' ಹಾಕಿ. ಮೋನೋ ಆಗಿರುವುದರಿಂದ ಇಬ್ಬರಿಗೂ ಪೂರ್ತಿ ಬ್ಯಾಂಡ್ ಸಿಗುತ್ತದೆ.